ಅಮ್ಮ ಓದಬೇಕಾದ ಸಾಲು

ಹಿರಿಯೂರು
5 ಮೇ 2024, ಭಾನುವಾರ

ನನ್ನ ಮುದ್ದಿನ ಮಗಳು ಜೆಸಿಂತಾಳಿಗೆ,

ನಿನ್ನ ಅಮ್ಮ ಮಾಡುವ ಆಶೀರ್ವಾದಗಳು. ಅಪ್ಪ ಚೆನ್ನಾಗಿದ್ದಾರೆ, ನಾನೂ ಚೆನ್ನಾಗಿದ್ದೇನೆ. ಹಿರಿಯೂರಿನ ಬಿಸಿಲು ನಮ್ಮಿಬ್ಬರಿಗಿಂತ ಚೆನ್ನಾಗಿದೆ. ಬೆಳಗಿನ ಪೂಜೆ ಮುಗಿಸಿ ಚರ್ಚಿನಿಂದ ಬರುವಷ್ಟರಲ್ಲಿ ಅಂಗಳದ ಕಲ್ಲು ಕಾದು ಕಾಲಿಡಲು ಆಗುವುದಿಲ್ಲ. ನಿಮ್ಮ ಮೈಸೂರಿನಲ್ಲಿ ಇಷ್ಟಿರಲಿಕ್ಕಿಲ್ಲ. ಆದರೂ ನೀರು ಕುಡಿಯುತ್ತಿರು. ನೀರು ಕುಡಿ ಎಂದು ಹೇಳಿಸಿಕೊಳ್ಳದೆ ನೀನು ಯಾವತ್ತೂ ಕುಡಿದವಳಲ್ಲ.

ಸಿಸ್ಟರ್ ಎವ್ಲಿನ್ ಅವರಿಗೂ ಸ್ತೋತ್ರ. ಸಿಸ್ಟರ್ ಆಗಲು ಕಲಿಯುತ್ತಿರುವ ನಿಮಗೆಲ್ಲ ಅವರೇ ಗುರು, ಬಂದ ಕಾಗದಗಳನ್ನು ಮೊದಲು ಅವರು ಓದಿ ಆಮೇಲೆ ನಿಮ್ಮ ಕೈಗೆ ಕೊಡುತ್ತಾರೆ ಎಂದು ನೀನೇ ಹೇಳಿದ್ದೆ. ಹಾಗಾಗಿ ನಿನಗೆ ಬರೆಯಲು ಕೂತಾಗಲೆಲ್ಲ ಇನ್ನೊಬ್ಬರು ಬಾಗಿಲಲ್ಲಿ ನಿಂತ ಹಾಗೆ ಅನ್ನಿಸುತ್ತದೆ. ಬಾಗಿಲಲ್ಲಿ ನಿಲ್ಲಿಸುವುದು ನಮ್ಮ ಮನೆಯ ರೂಢಿಯಲ್ಲ. ಒಳಗೆ ಬನ್ನಿ ಸಿಸ್ಟರ್, ಕೂತುಕೊಳ್ಳಿ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಅದೊಂದನ್ನು ಸಹಿಸಿಕೊಳ್ಳಿ.

ಮಗಳೇ, ತಡವಾಯಿತು. ನಿನ್ನ ಕಾಗದ ಈಸ್ಟರ್ ವಾರವೇ, ಪಾಸ್ಕ ಹಬ್ಬ ಆದ ಕೂಡಲೇ ಬಂದಿತ್ತು. ಈಗ ಮೇ ಬಂದಿದೆ. ಮನೆಯಲ್ಲಿ ಕೆಲಸ ಜಾಸ್ತಿ ಇತ್ತು ಎಂದು ಬರೆದರೆ ನಿನ್ನ ಅಪ್ಪನೇ ನಗುತ್ತಾರೆ. ಇಬ್ಬರಿಗೆ ಎರಡು ಮುದ್ದೆ ತಿರುವುವುದಕ್ಕೆ ಎಷ್ಟು ಹೊತ್ತು ಬೇಕು. ತಡವಾದದ್ದು ನೀನು ಬರೆದ ಒಂದೇ ಒಂದು ಮಾತಿನಿಂದ.

ಸಿಸ್ಟರ್ ಆಗುವ ವ್ರತ ತೆಗೆದುಕೊಳ್ಳುವ ಮೊದಲು ಹುಡುಗಿಯರೆಲ್ಲ ತಂದೆತಾಯಿಗೆ ಬರೆದು, ಮಾಡಿದ ತಪ್ಪಿಗೆ ಕ್ಷಮೆ ಕೇಳಿ, ಆಶೀರ್ವಾದ ಬೇಡುವುದು ಅಲ್ಲಿನ ಪದ್ಧತಿಯಂತೆ. ನೀನೂ ಹಾಗೇ ಬರೆದಿದ್ದೆ. ಚಿಕ್ಕವಳಿದ್ದಾಗ ಎದುರು ಮಾತಾಡಿದ್ದು, ಅಪ್ಪನ ಜೇಬಿನಿಂದ ಐಸ್ಕ್ರೀಮಿಗೆ ಚಿಲ್ಲರೆ ಎತ್ತಿದ್ದು, ಎಲ್ಲ. ಓದಿ ನಕ್ಕೆ. ಕೊನೆಗೆ ಬಂದರೆ, ‘ಅಮ್ಮಾ, ಈಗಲೂ ನಿನಗೆ ಬೇಡ ಅನ್ನಿಸಿದರೆ ಒಂದು ಮಾತು ಬರೆ, ನಾನು ಮನೆಗೆ ಬರುತ್ತೇನೆ’ ಎಂದು ಬರೆದಿದ್ದೀಯ. ನಗು ಅಲ್ಲೇ ನಿಂತಿತು. ಅದು ಪದ್ಧತಿಗೆ ಬರೆದ ಮಾತೋ, ನನ್ನನ್ನು ಕೂಗಿದ ಮಾತೋ ನನಗೆ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಾಗಿಲ್ಲ.

ಮೂವತ್ತೊಂದನೇ ತಾರೀಖು ನಿನ್ನ ವ್ರತ. ಅದಾದ ಮೇಲೆ ನಿನ್ನನ್ನು ಛತ್ತೀಸ್‌ಗಢಕ್ಕೆ ಕಳಿಸುತ್ತಾರೆ, ಊರಿಗೆ ಬರುವುದು ಯಾವ ಕಾಲಕ್ಕೋ. ಈ ತಿಂಗಳು ಪೂರ್ತಿ ನಿಮಗೆ ಮೌನಧ್ಯಾನ, ಫೋನ್ ಕೊಡುವುದಿಲ್ಲ. ನಾನು ಬಾ ಎಂದರೂ ಹೋಗು ಎಂದರೂ ಈ ಕಾಗದದಲ್ಲೇ ಹೇಳಬೇಕು. ಕೊನೆಯಲ್ಲಿ ಹೇಳುತ್ತೇನೆ. ಅಲ್ಲಿಯವರೆಗೆ ಮನೆಯ ಸುದ್ದಿ ಕೇಳು.

ನಿನ್ನ ಕಾಗದವನ್ನು ಅಪ್ಪ ಅಂಗಡಿಯಲ್ಲೇ ಓದಿದರು. ಯಾರದೋ ಬೋರ್‌ವೆಲ್ ಮೋಟಾರು ಬಿಚ್ಚಿ ಕೂತಿದ್ದರು, ಕೈಯೆಲ್ಲ ಗ್ರೀಸು. ನಾನೇ ಎದುರು ಹಿಡಿದುಕೊಂಡು ನಿಂತೆ. ಓದಿ ಮುಗಿಸಿ, ತಾಮ್ರದ ತಂತಿ ಸುತ್ತುತ್ತಾ, “ಅವಳು ಕೇಳಿರಾದು ನಿನ್ನ, ನನ್ನಲ್ಲ” ಅಂದರು. ನೀವೇನು ಹೇಳ್ತೀರಿ ಅಂದೆ. “ಹೋಗಾಗ್ಲೇ ಬ್ಯಾಡ ಅಂದಿದ್ದೆ. ಅವತ್ತು ನನ್ನ ಮಾತು ಯಾರು ಕೇಳಿದ್ರಿ” ಅಂದರು. ಅವರ ಸಿಟ್ಟು ನಿನಗೆ ಗೊತ್ತಲ್ಲ, ಉಪ್ಪು ಕಡಿಮೆಯಾಗಿದ್ದರೂ ಸುಮ್ಮನೆ ಉಂಡು ಏಳುತ್ತಾರೆ.

ಫಾದರ್ ಅವರನ್ನು ಕೇಳಿದೆ. “ಎಲ್ಲ ಮಕ್ಕಳೂ ಹಾಗೇ ಬರೀತಾರೆ ಅಮ್ಮ, ಅದು ಪದ್ಧತಿ. ಆಶೀರ್ವಾದ ಕಳಿಸಿ, ಸಾಕು” ಎಂದರು. ನನ್ನ ಮುಖ ನೋಡಿ, “ನಮ್ಮ ತಾಯಿಗೂ ನಾನು ಹಾಗೇ ಬರೆದಿದ್ದೆ” ಎಂದು ಸೇರಿಸಿದರು. ನಿಮ್ಮ ತಾಯಿ ಏನು ಉತ್ತರ ಬರೆದರು ಎಂದು ಕೇಳುವಷ್ಟರಲ್ಲಿ ಯಾರೋ ಜ್ಞಾನಸ್ನಾನದ ಸರ್ಟಿಫಿಕೇಟಿಗೆ ಬಂದರು.

ಪಕ್ಕದ ಮನೆ ಓಬಕ್ಕನಿಗೂ ಓದಿ ಹೇಳಿದೆ. ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟಳು. “ಹುಡ್ಗಿಗೆ ಮನೆ ನೆಪ್ಪಾಗೈತೆ ಕಣವ್ವ. ಬಾಯಿಬಿಟ್ಟು ಬತ್ತೀನಿ ಅನ್ನಾಕಾಗ್ದೆ ಹಿಂಗೆ ಬರ್ದೈತೆ. ನಾಳೀಕೇ ಹೋಗಿ ಕರ್ಕಂಡ್ ಬಾ” ಅಂದಳು. ನಮ್ಮ ಚರ್ಚಿನ ರೀತಿ ಓಬಕ್ಕನಿಗೆ ಗೊತ್ತಿಲ್ಲ, ಹೆಣ್ಣುಮಕ್ಕಳ ರೀತಿ ಫಾದರ್‌ಗೆ ಗೊತ್ತಿಲ್ಲ. ಇಬ್ಬರಿಗೂ ತಮ್ಮ ಮಾತೇ ನಿಜ ಅನ್ನುವ ಧೈರ್ಯ ಇದೆ. ಹೆತ್ತ ನನಗೆ ಆ ಧೈರ್ಯ ಇಲ್ಲ.

ಇರಲಿ. ನಾನು ಏನೇನು ಕಲಿತೆ ಎಂದು ಪ್ರತಿ ಕಾಗದದಲ್ಲೂ ಕೇಳುತ್ತೀಯ, ಈ ಸಲ ಎಲ್ಲ ಬರೆಯುತ್ತೇನೆ. ಸಿಸ್ಟರ್, ಇದು ಹೆಂಗಸರ ಹರಟೆ, ಬೇಕಾದರೆ ಬಿಟ್ಟು ಓದಿ.

ನೀನು ಹೋದ ಮೇಲೆ ನಮ್ಮ ಮನೆಯ ಮಧ್ಯಾಹ್ನಗಳು ಎಷ್ಟು ಉದ್ದವೆಂದು ಗೊತ್ತಾಯಿತು. ಮೊದಲೆಲ್ಲ ನಿನ್ನ ಕಾಲೇಜಿನ ಬಸ್ಸು ಬರುವ ಹೊತ್ತಿಗೆ ಒಗ್ಗರಣೆ ಹಾಕಬೇಕು ಅನ್ನುವ ಧಾವಂತ ಇರುತ್ತಿತ್ತು. ಆಮೇಲೆ ಬಸ್ಸು ಬರುತ್ತಿತ್ತು, ಹೋಗುತ್ತಿತ್ತು. ಒಂದು ದಿನ ನೂರೀನ್ ಬಂದು ಕ್ರೋಶಾ ಕಡ್ಡಿ ಕೈಗೆ ಕೊಟ್ಟಳು. ಅಪ್ಪನ ಅಂಗಡಿ ಪಕ್ಕ ಸೀಟ್ ಕುಷನ್ ಹೊಲಿಯುವ ಮುಝಫರ್‌ನ ಹೆಂಡತಿ, ನಿನಗೆ ಗೊತ್ತಲ್ಲ. ಇಬ್ಬರೂ ಅವಳ ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು ಕಲಿತೆವು. ಆ ವಿಡಿಯೋದ ಹೆಂಗಸು ಯಾವ ಭಾಷೆಯವಳೋ, ಅವಳ ಮಾತು ಬಿಟ್ಟು ಬೆರಳು ಮಾತ್ರ ನೋಡುತ್ತಿದ್ದೆವು. ನಾನು ಮೊದಲು ಹೆಣೆದದ್ದು ಟೀಪಾಯಿಯ ಬಟ್ಟೆ. ಅದು ಅಂಚೆಲ್ಲ ಮುದುಡಿ ಟೋಪಿಯ ಹಾಗಾಯಿತು. ಅಪ್ಪ ಅದನ್ನು ತಲೆಗಿಟ್ಟುಕೊಂಡು ಅಂಗಡಿಗೆ ಹೋದರೆ ಮುಝಫರ್, “ಬರ್ರಿ ಅಣ್ಣ, ಹೆಂಗೂ ಶುಕ್ರವಾರ ಐತೆ, ಜೊತೇಲೇ ಹೋಗಾಣ” ಅಂದನಂತೆ. ಅಪ್ಪ ಮನೆಗೆ ಬಂದು ಅದನ್ನು ಹೇಳುತ್ತಾ ನಗುತ್ತಿದ್ದರು. ನೀನು ಹೋದ ಮೇಲೆ ಅವರು ಹಾಗೆ ನಕ್ಕದ್ದು ಅದೇ ಮೊದಲು.

ಈಗ ಕೈ ಪಳಗಿದೆ. ಈ ಪಾಸ್ಕ ಹಬ್ಬಕ್ಕೆ ಚರ್ಚಿನ ಪೀಠದ ಬಟ್ಟೆಗೆ ಅಂಚು ನಾನೇ ಹೆಣೆದೆ, ದ್ರಾಕ್ಷಿ ಗೊಂಚಲಿನದು. ನೂರೀನ್ ಮಗಳ ಮನೆಗೆಂದು ಮಂಚದ ಹೊದಿಕೆ ಹೆಣೆಯುತ್ತಾಳೆ. ಅವಳ ಮಗಳನ್ನು ಭರಮಸಾಗರಕ್ಕೆ ಕೊಟ್ಟಿದ್ದಾರೆ. ಆ ಹುಡುಗಿ ಅತ್ತೆಯ ಮೇಲೆ ಮುನಿಸಿಕೊಂಡು ತಿಂಗಳಿಗೊಂದು ಸಲ ಬ್ಯಾಗು ಹಿಡಿದು ಬಂದೇ ಬರುತ್ತಾಳೆ. ಹೋದ ವಾರ ಬಂದಾಗ ನೂರೀನ್ ನನ್ನ ಪಕ್ಕ ಕೂತು, “ನಮ್ಮ ಹುಡ್ಗಿ ಜಗಳ ಮಾಡ್ಕಂಡಾದ್ರೂ ಬರ್ತಾಳಕ್ಕ. ನಿಮ್ಮಾಕೆ ಯಾರ ಮ್ಯಾಲೆ ಜಗಳ ಮಾಡ್ಕಂಡ್ ಬರ್ಬೇಕು” ಅಂದಳು. ಅವಳು ನನ್ನನ್ನು ನಗಿಸಲೆಂದೇ ಹೇಳಿದ್ದು. ನನಗೆ ದಾರದ ಲೆಕ್ಕ ತಪ್ಪಿ ಅವತ್ತಿನ ಹೆಣಿಗೆಯನ್ನೆಲ್ಲ ಬಿಚ್ಚಬೇಕಾಯಿತು.

ಎರಡನೆಯದು ಬೈಬಲ್ ತರಗತಿ. ಭಾನುವಾರ ಪೂಜೆ ಆದಮೇಲೆ ಹೊಸದುರ್ಗದಿಂದ ಲೂಸಿ ಟೀಚರ್ ಬಂದು ಮಾಡುತ್ತಾರೆ. ರಿಟೈರ್ ಆದರೂ ಬೆತ್ತ ಹಿಡಿದವರ ಹಾಗೇ ಕೇಳುತ್ತಾರೆ. ನಾನು ಪಿಯುಸಿ ಫೇಲು, ಹಿಂದಿನ ಬೆಂಚಿನವಳು. ಆದರೂ ಮನಸ್ಸು ಕೊಟ್ಟು ಓದಿದೆ. ಯಾಕೆ ಗೊತ್ತಾ. ನೀನು ಮನೆ ಬಿಟ್ಟು ಯಾವ ಕಡೆ ಹೋದೆ ಎಂದು ನನಗೂ ತಿಳಿಯಬೇಕಿತ್ತು. ಮಗಳು ಮದುವೆಯಾಗಿ ಹೋದರೆ ಆ ಊರಿಗೆ ಹೋಗಿ ನಾಲ್ಕು ದಿನ ಇದ್ದು, ಅವರ ಅಡುಗೆಮನೆ, ಬಚ್ಚಲಮನೆ ನೋಡಿ ಬರಬಹುದು. ನೀನು ಹೋದ ಕಡೆಗೆ ದಾರಿ ಈ ಪುಸ್ತಕದಲ್ಲೇ ಇರಬೇಕೆಂದು ಬೆಳಿಗ್ಗೆ ಹಾಲು ಕಾಯಿಸುವಾಗ ಒಂದು ಅಧ್ಯಾಯ, ಅಕ್ಕಿ ಆರಿಸುವಾಗ ಒಂದು ಅಧ್ಯಾಯ ಓದಿಕೊಂಡು ಹೋದೆ. ಓದುತ್ತಾ ಓದುತ್ತಾ ನಿಜವಾಗಿಯೂ ಒಳಗೆ ಏನೋ ತಿಳಿಯಾಯಿತು ಜೆಸಿಂತಾ. ಮೊದಲು ನನ್ನ ಪ್ರಾರ್ಥನೆ ಅಂದರೆ ಕಿರಾಣಿ ಚೀಟಿ ಓದಿದ ಹಾಗೆ ಇರುತ್ತಿತ್ತು, ಅದು ಕೊಡು ಇದು ಕೊಡು. ಈಗ ಎಷ್ಟೋ ದಿನ ಏನೂ ಕೇಳದೆ ಎದ್ದು ಬರುತ್ತೇನೆ. ಯಾರಿಗಾದರೂ ಹುಷಾರಿಲ್ಲದಿದ್ದರೆ ಚರ್ಚಿನ ಸಂಘದ ಹೆಂಗಸರು ನನ್ನನ್ನೇ ಕರೆಯುತ್ತಾರೆ, ಫಿಲೋಮಿನಕ್ಕ ಪ್ರಾರ್ಥನೆ ಮಾಡಿದರೆ ಸಮಾಧಾನ ಆಗುತ್ತದೆ ಅನ್ನುತ್ತಾರೆ. ಯಾರದೋ ಮಂಚದ ಪಕ್ಕ ಕೂತು ಕೈ ಹಿಡಿದರೆ ಮಾತು ತಾನಾಗಿ ಬರುತ್ತದೆ. ನಿನ್ನ ಹೆಸರೆತ್ತಿದರೆ ಮಾತ್ರ ಬಾಯಿ ಕಟ್ಟುತ್ತದೆ. ಅವಳನ್ನು ಗಟ್ಟಿ ಮಾಡು ಎನ್ನಲೋ, ಅವಳನ್ನು ಕಳಿಸಿಕೊಡು ಎನ್ನಲೋ.

ಸುಮ್ಮನೆ ಕೂರುವ ಪ್ರಾರ್ಥನೆಯನ್ನೂ ಕಲಿಯಲು ಹೋದೆ. ಲೂಸಿ ಟೀಚರ್ ಹೇಳಿಕೊಟ್ಟರು. ಕಣ್ಣು ಮುಚ್ಚಿ, ದೇವರು ಮಾತಾಡಲಿ, ನೀನು ಬಾಯಿ ಮುಚ್ಚಿಕೊಂಡಿರು ಅಂತ. ನಾನು ಬಾಯಿ ಮುಚ್ಚಿಕೊಂಡದ್ದು ಕಂಡು ನಿನ್ನ ಅಪ್ಪ ಬಂದು ಹಣೆ ಮುಟ್ಟಿ ನೋಡಿದರು, ಜ್ವರವೇನಾದರೂ ಬಂದಿದೆಯಾ ಎಂದು. ಮೊದಮೊದಲು ಕುಕ್ಕರಿನ ಸೀಟಿ ಎಣಿಸುತ್ತಾ ಕೂರುತ್ತಿದ್ದೆ. ಈಗ ಕೂರಲು ಬರುತ್ತದೆ. ಆದರೆ ಕೂತರೆ ನಿನ್ನ ದನಿಯೇ ಕೇಳುತ್ತದೆ. ಅದೂ ದೊಡ್ಡ ಮಾತೇನಲ್ಲ, ಟವೆಲ್ ಎಲ್ಲಿ ಅಮ್ಮ, ಜಡೆ ಹಾಕು ಅಮ್ಮ, ಅಷ್ಟೇ.

ತರಗತಿಯಲ್ಲಿ ಒಂದು ತಮಾಷೆ ನಡೆಯಿತು. ಹಳೆಯ ಒಡಂಬಡಿಕೆಯಲ್ಲಿ ಒಬ್ಬ ತಾಯಿ ಬರುತ್ತಾಳಲ್ಲ, ಹರಕೆ ಹೊತ್ತು ಪಡೆದ ಮಗನನ್ನು ಹಾಲು ಬಿಡಿಸಿದ ಮೇಲೆ ದೇವಾಲಯಕ್ಕೆ ಒಪ್ಪಿಸಿ ಬಂದವಳು. ವರ್ಷಕ್ಕೊಂದು ಸಲ ಹೋಗುವಾಗ ಮಗನಿಗೆ ಒಂದು ಚಿಕ್ಕ ಅಂಗಿ ಹೊಲಿದುಕೊಂಡು ಹೋಗುತ್ತಿದ್ದಳಂತೆ. ನಾನು ಎದ್ದು ನಿಂತು, ಟೀಚರ್, ವರ್ಷಕ್ಕೊಂದು ಸಲ ನೋಡುವವಳಿಗೆ ಮಗ ಎಷ್ಟು ಬೆಳೆದಿದ್ದಾನೆ ಅಂತ ಅಳತೆ ಹೇಗೆ ಗೊತ್ತಾಗುತ್ತಿತ್ತು ಎಂದು ಕೇಳಿದೆ. ಎಲ್ಲರೂ ನಕ್ಕರು. ಟೀಚರ್ ಮಾತ್ರ ನಗಲಿಲ್ಲ. “ಅಂದಾಜಿಗೆ ಹೊಲಿದಿರಬೇಕು ಕಣಮ್ಮ” ಅಂದರು. ಬಿಗಿಯಾಗಿದ್ದರೆ ಎಂದೆ. “ಬಿಗಿಯಾದ್ರೆ ಹುಡುಗ ಹೇಳ್ತಿರಲಿಲ್ಲ, ತಾಯಿಗೆ ಬೇಜಾರಾಗುತ್ತೆ ಅಂತ ಹಾಕ್ಕೊಂಡಿರ್ತಿದ್ದ” ಅಂದರು. ಅವತ್ತಿನಿಂದ ಅದೇ ಯೋಚನೆ. ನೀನೂ ನನಗೆ ಬೇಜಾರಾಗುತ್ತದೆಂದು ಏನನ್ನಾದರೂ ತೊಟ್ಟುಕೊಂಡು ನಿಂತಿದ್ದೀಯೇನೋ ಎಂದು.

ಮೂರನೆಯ ಕಲಿಕೆಯೇ ನನಗೆ ಮುಳುವಾಯಿತು. ಚಿತ್ರದುರ್ಗದಲ್ಲಿ ವಾಚಕರ ತರಬೇತಿ ಇತ್ತು, ಪೂಜೆಯಲ್ಲಿ ವಾಚನ ಓದುವವರಿಗೆ. ಫಾದರ್ ನನ್ನ ಹೆಸರು ಬರೆಸಿದರು. ಮೈಕಿನಿಂದ ಎಷ್ಟು ದೂರ ನಿಲ್ಲಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ವಾಕ್ಯ ಮುಗಿದಾಗ ತಲೆಯೆತ್ತಿ ಜನರನ್ನು ನೋಡಬೇಕು ಎಂದೆಲ್ಲ ಕಲಿಸಿದರು. ಮೊದಲ ಭಾನುವಾರ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೈಕಿನ ಮುಂದೆ ನಿಂತೆ. ಓದಿ ಮುಗಿಸಿ ತಲೆಯೆತ್ತಿದರೆ ಗಂಡಸರ ಸಾಲಿನ ಕೊನೆಯಲ್ಲಿ ನಿನ್ನ ಅಪ್ಪ ಕಣ್ಣೊರೆಸಿಕೊಳ್ಳುತ್ತಿದ್ದರು. ಮನೆಗೆ ಬಂದು ಕೇಳಿದರೆ, “ಮೈಕಿಗೆ ಅರ್ತಿಂಗ್ ಸರಿ ಇಲ್ಲ, ಗುಂಯ್ ಅಂತೈತೆ, ಅದ್ಕೇ ಕಣ್ಣಾಗೆ ನೀರು ಬಂತು” ಅಂದರು. ಮೈಕಿನ ಶಬ್ದಕ್ಕೆ ಕಣ್ಣೀರು ಬರುವ ಗಂಡಸನ್ನು ಕಟ್ಟಿಕೊಂಡಿದ್ದೇನೆ ನೋಡು.

ಮೂವತ್ತು ವರ್ಷ ಒಲೆಯ ಮುಂದೆ ನಿಂತವಳ ದನಿ ಚರ್ಚಿನ ಕೊನೆಯ ಬೆಂಚಿನವರೆಗೆ ಕೇಳುತ್ತದೆ ಅನ್ನುವುದೇ ನನಗೆ ದೊಡ್ಡ ಸುದ್ದಿ. ಆ ಸಂತೋಷಕ್ಕೆ ನಿನಗೆ ಬರೆದೆ. ನೀನು ಆ ಸಂತೋಷಕ್ಕೆ ಸಿಸ್ಟರ್‌ಗೆ ಹೇಳಿದೆ. ಸಿಸ್ಟರ್ ಸಂತೋಷದಿಂದಲೇ ನನಗೊಂದು ಹಾಳೆ ಕಳಿಸಿದರು. ವ್ರತದ ದಿನ ತಂದೆತಾಯಿಯರು ಮಕ್ಕಳ ಕೈ ಹಿಡಿದು ಪೀಠದವರೆಗೆ ಕರೆತಂದು ಒಪ್ಪಿಸುವಾಗ, ಎಲ್ಲ ಪೋಷಕರ ಪರವಾಗಿ ನಾನು ಓದಬೇಕಂತೆ. ‘ಸರ್ವೇಶ್ವರಾ, ನೀವು ನಮಗೆ ಕೊಟ್ಟ ಈ ಮಗಳನ್ನು ನಾವು ಮನಸಾರೆ ನಿಮಗೆ ಒಪ್ಪಿಸುತ್ತೇವೆ.’ ಒಂದೇ ಸಾಲು. ಇದಕ್ಕಿಂತ ಕಷ್ಟದ ಹೆಸರುಗಳಿರುವ ವಾಚನಗಳನ್ನು ನೀರು ಕುಡಿದ ಹಾಗೆ ಓದಿದ್ದೇನೆ.

ಅಡುಗೆಮನೆಯಲ್ಲಿ ನಿಂತು ಅಭ್ಯಾಸ ಮಾಡಿದೆ. ‘ಮನಸಾರೆ’ ಎಂಬಲ್ಲಿಗೆ ಬಂದರೆ ದನಿ ನಿಲ್ಲುತ್ತದೆ. ಇನ್ನೊಂದು ಸಲ, ಮತ್ತೊಂದು ಸಲ. ಉಸಿರು ತೆಗೆದುಕೊಳ್ಳುವ ಜಾಗ ಬದಲಾಯಿಸಿ ನೋಡಿದೆ. ಆ ಪದ ಬಿಟ್ಟು ಓದಿ ನೋಡಿದೆ, ಆಗ ಸರಾಗವಾಗಿ ಬರುತ್ತದೆ, ಆದರೆ ದೇವರ ಮುಂದೆ ಅದನ್ನೊಂದನ್ನೇ ನುಂಗಿಕೊಳ್ಳುವುದು ಹೇಗೆ. ಅಪ್ಪ ಹಜಾರದಿಂದ ಕೇಳಿಸಿಕೊಳ್ಳುತ್ತಿದ್ದರು. ಒಳಗೆ ಬಂದು, “ಅಷ್ಟು ಕಷ್ಟ ಆದ್ರೆ ಬಿಡೇ, ನಾನು ಓದ್ತೀನಿ ತಾ” ಎಂದು ಹಾಳೆ ಕಿತ್ತುಕೊಂಡರು. ಕನ್ನಡಕ ಹಾಕಿಕೊಂಡರು. ‘ಸರ್ವೇಶ್ವರಾ’ ಅಂದರು. ಆಮೇಲೆ ಹಾಳೆಯನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು, ಚಪ್ಪಲಿ ಹಾಕಿಕೊಂಡು ಅಂಗಡಿಗೆ ಹೋದರು. ಅವತ್ತು ಭಾನುವಾರ, ಅಂಗಡಿಗೆ ರಜ.

ಜೆಸಿಂತಾ, ನಿನ್ನ ಕಾಗದ ಬಂದ ಮೇಲಿನ ಭಾನುವಾರ ನಿನಗೆ ಫೋನ್ ಕೊಟ್ಟಿದ್ದರಲ್ಲ, ಅವತ್ತೇ ಕೇಳಿಬಿಡಬೇಕೆಂದು ಬೆಳಿಗ್ಗೆಯಿಂದ ಕಾದಿದ್ದೆ. ಚೆನ್ನಾಗಿದೀಯಾ ಎಂದೆ. “ಚೆನ್ನಾಗಿದೀನಮ್ಮ” ಅಂದೆ ನೀನು. ನಿನ್ನ ಹಿಂದೆ ಬೇರೆ ಹುಡುಗಿಯರು ಸರದಿಗೆ ಕಾಯುತ್ತಾ ಮಾತಾಡುವುದು ಕೇಳುತ್ತಿತ್ತು. ಆಮೇಲೆ ನೀನು, “ಅಮ್ಮ, ಇವತ್ತೇನ್ ಅಡುಗೆ” ಅಂದೆ. ಹುರುಳಿಕಾಳಿನ ಸಾರು, ಮುದ್ದೆ ಎಂದೆ. “ಕಾಳು ಹುರಿದು ಹಾಕಿದ್ದಾ, ಹಂಗೇ ಬೇಯಿಸಿದ್ದಾ” ಅಂತ ಕೇಳಿದೆ. ಹುರಿದು ಎಂದೆ. “ಬೆಳ್ಳುಳ್ಳಿ ಜಜ್ಜಿ ಹಾಕಿದ್ಯಾ” ಅಂದೆ. ಹಾಕಿದೆ ಎಂದೆ. “ಮೇಲೆ ತುಪ್ಪ” ಅಂದೆ. ಅಷ್ಟರಲ್ಲಿ ಹೊತ್ತು ಮುಗಿಯಿತು. ಒಂದು ತಿಂಗಳಿನಿಂದ ಆ ಮಾತುಗಳನ್ನೇ ತಿರುವಿಹಾಕುತ್ತಿದ್ದೇನೆ. ಮನಸ್ಸು ಹಗುರಾಗಿರುವ ಹುಡುಗಿಯೂ ಸಾರಿನ ಮಾತಾಡುತ್ತಾಳೆ, ಅಳು ತಡೆದುಕೊಂಡವಳೂ ಸಾರಿನ ಮಾತಾಡುತ್ತಾಳೆ. ಎದುರಿಗಿದ್ದಿದ್ದರೆ ನಿನ್ನ ಮೂಗಿನ ತುದಿ ನೋಡಿ ಹೇಳುತ್ತಿದ್ದೆ.

ಅಪ್ಪನನ್ನು ಹೊರಡಿಸಿಕೊಂಡು ಬಂದುಬಿಡಬೇಕೆಂದೂ ಇತ್ತು. ಧ್ಯಾನದ ತಿಂಗಳು ಭೇಟಿ ಇಲ್ಲ, ವ್ರತದ ದಿನವೇ ಬನ್ನಿ ಎಂದು ಆಫೀಸಿನಲ್ಲಿ ಹೇಳಿದರು. ತಪ್ಪೇನಿಲ್ಲ, ಎಲ್ಲರಿಗೂ ಒಂದೇ ನಿಯಮ. ಸಿಸ್ಟರ್, ನಿಮ್ಮನ್ನು ದೂರುತ್ತಿಲ್ಲ. ನಿಯಮ ಇರುವುದೇ ನನ್ನಂಥ ತಾಯಂದಿರಿಗಾಗಿ.

ಇಲ್ಲಿ ನೋಡಿದರೆ ನಿನ್ನ ಫ್ಲೆಕ್ಸ್ ಆಗಲೇ ಕಟ್ಟಿಯಾಗಿದೆ. ಚರ್ಚಿನ ಗೇಟಿನ ಮೇಲೆ, ‘ನಮ್ಮ ಧರ್ಮಕೇಂದ್ರದ ಹೆಮ್ಮೆಯ ಪುತ್ರಿ’ ಎಂದು. ಕಾಲೇಜಿನ ಐಡಿ ಕಾರ್ಡಿನ ಫೋಟೋ ಹಾಕಿ, ಬೆಳ್ಳಗೆ ಮಾಡಿ, ನಿನ್ನ ಕೆನ್ನೆಯ ಮಚ್ಚೆಯನ್ನೇ ಅಳಿಸಿಬಿಟ್ಟಿದ್ದಾರೆ. ಕೆಳಗೆ ಶುಭ ಕೋರುವವರ ಮುಖಗಳು ನಿನ್ನದಕ್ಕಿಂತ ದೊಡ್ಡದಾಗಿವೆ. ನಮ್ಮ ಊರಿನ ಚರ್ಚಿನಿಂದ ಸಿಸ್ಟರ್ ಆಗುವವಳು ನೀನೇ ಮೊದಲಂತೆ. ಮೈಸೂರಿಗೆ ಬಸ್ಸು ಗೊತ್ತುಮಾಡಿದ್ದಾರೆ. ಹೊಳಲ್ಕೆರೆಯಿಂದ ನಿನ್ನ ಸೋದರಮಾವನ ಮನೆಯವರೆಲ್ಲ ಬರುತ್ತಾರೆ. ಹೋಗಿ ಕರೆದುಕೊಂಡು ಬಾ ಎಂದ ಓಬಕ್ಕನೇ ಬಸ್ಸಿಗೆ ಹೆಸರು ಕೊಟ್ಟು, ಹೊಸ ಸೀರೆಗೆ ಫಾಲ್ಸ್ ಹೊಲಿಸುತ್ತಿದ್ದಾಳೆ. ಕೇಳಿದರೆ, “ಹೆಂಗಾದ್ರೂ ಆಗ್ಲಿ, ಹುಡ್ಗೀನ ನೋಡ್ದಂಗಾಗ್ತೈತಲ್ಲ” ಅನ್ನುತ್ತಾಳೆ.

ಜನರ ಮಾತಿಗೆ ನಾನು ಹೆದರುವುದಿಲ್ಲ. ಫ್ಲೆಕ್ಸ್ ಬಿಚ್ಚಿದರೆ ಯಾರದಾದರೂ ಮನೆಯ ಸೂರಿಗೆ ಹೊದಿಕೆಯಾಗುತ್ತದೆ. ನಾನು ಹೆದರುವುದು ನಿನಗೆ. ಬಾ ಎಂದು ಬರೆದೆ ಅಂದುಕೋ. ನೀನು ಬರುತ್ತೀಯ. ನಿನ್ನ ಮನಸ್ಸು ಅಲ್ಲೇ ಉಳಿದಿದ್ದರೆ ಏನು ಮಾಡಲಿ. ಬೆಳಗಾಗೆದ್ದು ನನ್ನ ಜೊತೆ ಕಾಫಿ ಕುಡಿಯುತ್ತಾ, ಅಮ್ಮ ಕರೆದಳು ಎಂದು ಬಿಟ್ಟು ಬಂದೆ ಎಂದು ಒಳಗೊಳಗೇ ಅಂದುಕೊಂಡರೆ ಆ ಕಾಫಿ ನನಗೆ ಇಳಿಯುತ್ತದೆಯೇ. ಹೋಗು ಎಂದು ಬರೆದೆ ಅಂದುಕೋ. ನೀನು ನಿಜವಾಗಿ ಕೂಗಿದ್ದೇ ಆಗಿದ್ದರೆ, ಕೂಗಿದ ಮಗಳ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಇಷ್ಟು ಓದಿದೆ, ಇಷ್ಟು ಕಲಿತೆ, ಊರವರಿಗೆಲ್ಲ ಸಮಾಧಾನ ಹೇಳುವಷ್ಟು ದೊಡ್ಡವಳಾದೆ. ನನ್ನ ಮಗಳಿಗೆ ಒಂದು ಮಾತು ಬರೆಯುವುದು ಮಾತ್ರ ತಿಳಿಯಲಿಲ್ಲ. ನನ್ನ ಕೈಲಿ ಆಗುತ್ತಿಲ್ಲ ಜೆಸಿಂತಾ.

ಮೊನ್ನೆ ಪೀಠದ ಮುಂದೆ ಒಬ್ಬಳೇ ಕೂತು ಬಹಳ ಹೊತ್ತು ಅತ್ತೆ. ಯೇಸುಸ್ವಾಮಿಗೆ ಅಮ್ಮ ಇದ್ದಳು, ಮಗ ಮನೆ ಬಿಟ್ಟು ಹೋದಾಗ ಅವಳಿಗೆ ಹೇಗಾಯಿತೆಂದು ಅವರಿಗೆ ಗೊತ್ತಿರಬೇಕಲ್ಲ ಎಂದು ನ್ಯಾಯ ಕೇಳಿದೆ. ಸ್ವಲ್ಪ ಹೊತ್ತಿಗೆ ಚರ್ಚಿನ ಕಸ ಗುಡಿಸುವ ಚಿತ್ತಯ್ಯ ಬಂದು, “ಬಾಗ್ಲಾಕ್ಬೇಕು ಕಣಮ್ಮ” ಅಂದ. ಎದ್ದು ಬಂದೆ.

ಈಗ ನಿನ್ನ ಮಾತಿಗೆ ಉತ್ತರ. ಮಗಳೇ, ನಿನ್ನ ಅಪ್ಪ ಇನ್ನಾಸಪ್ಪ, ನಿನ್ನ ಅಮ್ಮ ಫಿಲೋಮಿನಾ, ಇಬ್ಬರಿಗೂ ಪೂರ್ತಿ ಒಪ್ಪಿಗೆ ಇದೆ. ಬೇಡ ಎಂಬ ಮಾತು ನಮ್ಮಲ್ಲಿಲ್ಲ. ನೀನು ಕೇಳಿದ ಕ್ಷಮೆಯನ್ನೆಲ್ಲ ಕೊಟ್ಟಿದ್ದೇವೆ, ಐಸ್ಕ್ರೀಮಿನ ಚಿಲ್ಲರೆಯನ್ನೂ ಸೇರಿಸಿ. ಧೈರ್ಯವಾಗಿ ವ್ರತ ತೆಗೆದುಕೋ. ಮೂವತ್ತೊಂದಕ್ಕೆ ನಾವೆಲ್ಲ ಬರುತ್ತೇವೆ. ನಾನು ಓದುತ್ತೇನೆ, ನೀನು ನನ್ನ ಮುಖ ನೋಡಬೇಡ, ಅಷ್ಟೇ.

ಹೋದ ಊರಿನಲ್ಲಿ ನಿನಗೆ ಹೊತ್ತುಹೊತ್ತಿಗೆ ಊಟ, ಕಣ್ತುಂಬ ನಿದ್ದೆ ಸಿಗಲಿ. ನಿನ್ನ ಕೈಯಿಂದ ನಾಲ್ಕು ಜನಕ್ಕೆ ಒಳ್ಳೆಯದಾಗಲಿ. ಮಾತೆ ಮರಿಯ ತನ್ನ ಸೆರಗನ್ನು ನಿನ್ನ ಮೇಲೆ ಹೊದಿಸಿ ಕಾಪಾಡಲಿ. ಹಣೆಯ ಮೇಲೆ ಶಿಲುಬೆ ಗುರುತು ಹಾಕಿ ಮುತ್ತು ಕೊಟ್ಟಿದ್ದೇನೆ ಎಂದುಕೋ.

ನಿನ್ನ ಪ್ರೀತಿಯ
ಅಮ್ಮ

ತಾ. ಕ.: ಸಿಸ್ಟರ್ ಎವ್ಲಿನ್, ಇದು ನಿಮಗೆ. ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ನನ್ನ ಹೆಸರಿನ ಕೆಳಗೆ ಜಾಗವಿದ್ದರೂ ಅಲ್ಲಿ ಬರೆಯಲಿಲ್ಲ. ಅವಳು ಊಟ ಬಿಟ್ಟರೆ ನಿಮಗೆ ಗೊತ್ತಾಗುತ್ತದೆ, ದಿಂಬು ಒದ್ದೆಯಾದರೆ ನಿಮಗೆ ಗೊತ್ತಾಗುತ್ತದೆ. ಎರಡೂವರೆ ವರ್ಷದಿಂದ ಅವಳ ಮುಖವನ್ನು ದಿನಾ ನೋಡುತ್ತಿರುವವರು ನೀವು. ಹೆತ್ತ ಮಗಳ ಮನಸ್ಸಿನಲ್ಲಿ ಏನಿದೆ ಎಂದು ನಾನು ಇನ್ನೊಬ್ಬರನ್ನು ಕೇಳಬೇಕಾಗಿದೆ. ಅವಳು ಆ ಮಾತನ್ನು ಪದ್ಧತಿಗೆಂದು ಬರೆದಿದ್ದರೆ, ಅಲ್ಲಿ ಸಂತೋಷವಾಗಿದ್ದರೆ, ಈ ಹಾಳೆಯನ್ನು ಒಲೆಗೆ ಹಾಕಿ, ಮೇಲಿನ ಕಾಗದ ಮಾತ್ರ ಕೊಡಿ. ನಾನು ಬಂದು ಪೂರ್ತಿ ಸಾಲು ಓದುತ್ತೇನೆ, ನಿಮಗೆ ಮಾತು ಕೊಡುತ್ತೇನೆ. ಹಾಗಲ್ಲದಿದ್ದರೆ ದಯವಿಟ್ಟು ಇದನ್ನೂ ಅವಳ ಕೈಗೆ ಕೊಡಿ. ಯಾವುದನ್ನು ಕೊಟ್ಟಿರಿ ಎಂದು ನಾನು ಯಾವತ್ತೂ ಕೇಳುವುದಿಲ್ಲ.

ಜೆಸಿಂತಾ, ನನಗೆ ಬೇಡ ಮಗಳೇ. ಮೊದಲ ದಿನದಿಂದಲೂ ಬೇಡವಾಗಿತ್ತು. ಮನೆಗೆ ಬಾ.